ಜೋ ಲೂಯಿಸ್ ಮತ್ತು ಆತನ ಎದುರಾಳಿ

ಬಾಕ್ಸಿಂಗ್ ಎಂದ ಕೂಡಲೇ ನಮ್ಮ ವಿದ್ಯಾರ್ಥಿಗಳ ಬಾಯಿಗೆ ಬರುವ ಹೆಸರು ಮುಹಮ್ಮದ್ ಅಲಿ. ಅಲಿ ಹುಟ್ಟಿದ್ದು 1942ರಲ್ಲಿ. ಆ ವರ್ಷ ಜಗತ್ತಿನ ಹೆವಿವೇಯ್ಟ್ ಚಾಂಪಿಯನ್ ಆಗಿದ್ದವನು ಜೋ ಲೂಯಿಸ್ ಎಂಬ ಇನ್ನೊಬ್ಬ ಕಪ್ಪು ಅಮೆರಿಕನ್. 1937ರಲ್ಲಿ ಗೆದ್ದ ಪಟ್ಟವನ್ನು ಆತ 1949ರವರೆಗೆ ಯಾರಿಗೂ ಬಿಟ್ಟುಕೊಡಲಿಲ್ಲ. 25 ಸಲ ಅದಕ್ಕಾಗಿ ಸೆಣಸಿ ಉಳಿಸಿಕೊಂಡ. ಆದರೂ ಆತನ ಕತೆಯನ್ನು ಮ್ಯಾಕ್ಸ್ ಶ್ಮೆಲಿಂಗ್ ಎಂಬ ಜರ್ಮನ್ ಎದುರಾಳಿಯನ್ನು ಬಿಟ್ಟು ಹೇಳಲು ಬರುವುದಿಲ್ಲ.

ಜೋಸೆಫ್ ಲೂಯಿಸ್ ಬ್ಯಾರೋ ಹುಟ್ಟಿದ್ದು 1914ರ ಮೇ 13ರಂದು, ಅಲಬಾಮಾ ರಾಜ್ಯದ ಹಳ್ಳಿಗಾಡಿನಲ್ಲಿ. ಹಿಂದಿನ ತಲೆಮಾರಿನವರು ಗುಲಾಮರಾಗಿದ್ದವರು. ತಂದೆ ಇನ್ನೊಬ್ಬರ ಹೊಲವನ್ನು ಪಾಲಿಗೆ ಉಳುತ್ತಿದ್ದ ರೈತ. ಜೋ ಇನ್ನೂ ಎಳೆಗೂಸಾಗಿದ್ದಾಗಲೇ ಅವರಿಗೆ ಬುದ್ಧಿ ಸ್ಥಿಮಿತ ತಪ್ಪಿ ಆಸ್ಪತ್ರೆ ಸೇರಿದರು. 1926ರಲ್ಲಿ ಕುಟುಂಬ ಡೆಟ್ರಾಯಿಟ್ ನಗರಕ್ಕೆ ಬಂತು. ಅಲ್ಲಿ ಹುಡುಗ ವೃತ್ತಿಶಾಲೆಯೊಂದರಲ್ಲಿ ಮರಗೆಲಸ ಕಲಿತ. ಮಗ ಪಿಟೀಲು ಕಲಿಯಲಿ ಎಂಬುದು ತಾಯಿಯ ಆಸೆ. ಅದಕ್ಕೆಂದು ಆಕೆ ಕೊಟ್ಟ ಕಾಸನ್ನು ಮಗ ಗುಟ್ಟಾಗಿ ಬಾಕ್ಸಿಂಗ್ ಶಾಲೆಗೆ ಕಟ್ಟಿದ. ತಾಯಂದಿರಿಗೆ ಇಂಥ ವಿಷಯ ಎಷ್ಟು ದಿನ ಗುಟ್ಟಾಗಿ ಉಳಿದೀತು? ಗೊತ್ತಾದ ಮೇಲೂ ಆಕೆ ತಡೆಯಲಿಲ್ಲ.

1934ರಲ್ಲಿ ಲೂಯಿಸ್ ವೃತ್ತಿಪರನಾದ. ಅಂದಿನ ಅಮೆರಿಕದಲ್ಲಿ ಕಪ್ಪು ಬಾಕ್ಸರನಿಗೆ ಗೆದ್ದರೂ ಕಷ್ಟವಿತ್ತು. ಹಿಂದೆ ಜಾಕ್ ಜಾನ್ಸನ್ ಎಂಬ ಕಪ್ಪು ಚಾಂಪಿಯನ್ ಗರ್ವದಿಂದ ಮೆರೆದಾಗ ಬಿಳಿಯರು ಕೆಂಡವಾಗಿದ್ದರು. ಅದಕ್ಕಾಗಿ ಲೂಯಿಸನ ಮ್ಯಾನೇಜರುಗಳು ಆತನಿಗೆ ಕಟ್ಟುನಿಟ್ಟು ವಿಧಿಸಿದರು. ಬಿದ್ದ ಬಿಳಿಯ ಎದುರಾಳಿಯ ಮುಂದೆ ನಗಬಾರದು, ಹಿಗ್ಗಬಾರದು. ಸ್ವಭಾವತಃ ಮಿತಭಾಷಿಯಾದ ಹುಡುಗ ಮುಖದಲ್ಲಿ ಯಾವ ಭಾವವನ್ನೂ ತೋರದೆ ಒಬ್ಬೊಬ್ಬರನ್ನೇ ಮಲಗಿಸುತ್ತ ಹೋದ.

1936ರ ಜೂನ್ 19ರಂದು ನ್ಯೂಯಾರ್ಕಿನ ಯಾಂಕಿ ಸ್ಟೇಡಿಯಂನಲ್ಲಿ ಆತನಿಗೆ ಎದುರಾದವನು ಶ್ಮೆಲಿಂಗ್. ವಯಸ್ಸು 30, ಹಿಂದೊಮ್ಮೆ ಚಾಂಪಿಯನ್ ಆಗಿದ್ದವನು, ಮುಗಿದ ಆಟಗಾರನೆಂದೇ ಎಲ್ಲರ ಎಣಿಕೆ. ಲೂಯಿಸ್ ತಾಲೀಮಿಗಿಂತ ಗಾಲ್ಫಿನಲ್ಲೇ ಹೆಚ್ಚು ಹೊತ್ತು ಕಳೆದ. ಶ್ಮೆಲಿಂಗ್ ಮಾತ್ರ ಲೂಯಿಸನ ಪಂದ್ಯಗಳ ಚಿತ್ರಗಳನ್ನು ಮತ್ತೆ ಮತ್ತೆ ನೋಡಿ ಒಂದು ದೋಷ ಹಿಡಿದಿದ್ದ: ಎಡಗೈಯಿಂದ ಹೊಡೆದ ಮೇಲೆ ಆ ಕೈಯನ್ನು ಲೂಯಿಸ್ ಕೆಳಗಿಳಿಸುತ್ತಿದ್ದ. ಶ್ಮೆಲಿಂಗನ ಬಲಗೈಗೆ ಅಷ್ಟು ಸಂದು ಸಾಕಾಯಿತು. ಹನ್ನೆರಡನೆಯ ಸುತ್ತಿನಲ್ಲಿ ಲೂಯಿಸ್ ನೆಲಕ್ಕುರುಳಿದ. ಅದು ಆತನ ಮೊದಲ ಸೋಲು. ಕಪ್ಪು ಜನರ ಕೇರಿಗಳಲ್ಲಿ ಜನ ಬೀದಿಯಲ್ಲಿ ನಿಂತು ಅತ್ತರು. ಜರ್ಮನಿಯಲ್ಲಿ ಹಿಟ್ಲರನ ಸರ್ಕಾರ ಅದನ್ನು ಬಿಳಿಯ ಜನಾಂಗದ ಶ್ರೇಷ್ಠತೆಗೆ ಸಾಕ್ಷಿಯೆಂದು ಡಂಗುರ ಹೊಡೆಯಿತು.

ಹೀಗಿದ್ದೂ ಮರುವರ್ಷ ಚಾಂಪಿಯನ್ ಬ್ರಾಡಕ್‌ನೊಂದಿಗೆ ಪಟ್ಟಕ್ಕಾಗಿ ಸೆಣಸುವ ಅವಕಾಶ ಸಿಕ್ಕಿದ್ದು ಸೋತ ಲೂಯಿಸನಿಗೆ, ಗೆದ್ದ ಶ್ಮೆಲಿಂಗನಿಗಲ್ಲ. ಇದು ಶ್ಮೆಲಿಂಗನಿಗೆ ಆದ ಅನ್ಯಾಯವೆಂದೇ ಹೇಳಬೇಕು. ಲೂಯಿಸ್ ಬ್ರಾಡಕ್‌ನನ್ನು ಸೋಲಿಸಿ ಪಟ್ಟ ಪಡೆದ. ಆದರೆ ಶ್ಮೆಲಿಂಗನನ್ನು ಸೋಲಿಸುವವರೆಗೆ ತಾನು ನಿಜವಾದ ಚಾಂಪಿಯನ್ ಅಲ್ಲವೆಂಬುದು ಅವನ ಮನಸ್ಸಿನಲ್ಲಿ ಉಳಿಯಿತು.

1938ರ ಜೂನ್ 22ರಂದು ಅದೇ ಮೈದಾನದಲ್ಲಿ ಇಬ್ಬರೂ ಮತ್ತೆ ಮುಖಾಮುಖಿಯಾದರು. ಪ್ರೇಕ್ಷಕರು 70 ಸಾವಿರ. ಹಿಟ್ಲರ್ ಅದಾಗಲೇ ಆಸ್ಟ್ರಿಯಾವನ್ನು ನುಂಗಿದ್ದ. ಇಬ್ಬರು ಆಟಗಾರರ ಹೆಗಲ ಮೇಲೆ ಎರಡು ದೇಶಗಳನ್ನು ಹೇರಲಾಗಿತ್ತು. ಪಂದ್ಯ ನಡೆದದ್ದು 2 ನಿಮಿಷ 4 ಸೆಕೆಂಡು ಮಾತ್ರ. ಲೂಯಿಸನ ಏಟಿಗೆ ಶ್ಮೆಲಿಂಗನ ಬೆನ್ನುಮೂಳೆಗೆ ಪೆಟ್ಟಾಗಿ ಆತ ನೋವಿನಿಂದ ಕಿರುಚಿದ್ದು ದೂರದವರೆಗೆ ಕೇಳಿಸಿತು. ಅಲ್ಲಿಂದ ಆತ ಸೇರಿದ್ದು ಆಸ್ಪತ್ರೆಗೆ.

ಅಂದು ಅಮೆರಿಕನ್ನರು ಶ್ಮೆಲಿಂಗನನ್ನು ನಾಜಿಯೆಂದೇ ತಿಳಿದಿದ್ದರು. ಹಿಟ್ಲರನ ಜೊತೆ ಕುಳಿತು ಫೋಟೋ ತೆಗೆಸಿಕೊಂಡವನು ಅವನೇ ಆದ್ದರಿಂದ ಜನರನ್ನು ಪೂರ್ತಿ ದೂರುವಂತಿಲ್ಲ. ಆದರೆ ಆತ ನಾಜಿ ಪಕ್ಷ ಸೇರಲಿಲ್ಲ. ಯಹೂದಿಯಾಗಿದ್ದ ತನ್ನ ಮ್ಯಾನೇಜರ್ ಜೋ ಜೇಕಬ್ಸ್‌ನನ್ನು ಕೈಬಿಡಲು ಒಪ್ಪಲಿಲ್ಲ. ಅದೇ 1938ರ ನವೆಂಬರಿನಲ್ಲಿ ಜರ್ಮನಿಯಲ್ಲಿ ಯಹೂದಿಯರ ಮನೆ, ಅಂಗಡಿಗಳನ್ನು ಧ್ವಂಸ ಮಾಡಿದಾಗ ಗೆಳೆಯನೊಬ್ಬನ ಇಬ್ಬರು ಮಕ್ಕಳನ್ನು ಬರ್ಲಿನ್ನಿನ ತನ್ನ ಹೋಟೆಲ್ ಕೋಣೆಯಲ್ಲಿ ಬಚ್ಚಿಟ್ಟು ಉಳಿಸಿದ. ಈ ವಿಷಯವನ್ನು ಆತ ಎಲ್ಲೂ ಹೇಳಿಕೊಳ್ಳಲಿಲ್ಲ. ದಶಕಗಳ ನಂತರ ಜಗತ್ತಿಗೆ ತಿಳಿಸಿದ್ದು ಬದುಕುಳಿದ ಆ ಮಕ್ಕಳಲ್ಲೊಬ್ಬ.

ಇತ್ತ ಲೂಯಿಸ್ 1942ರಲ್ಲಿ ಸೈನ್ಯ ಸೇರಿದ. ಕಪ್ಪು ಸೈನಿಕರಿಗೆ ಅಲ್ಲಿಯೂ ಬೇರೆ ತುಕಡಿ, ಬೇರೆ ಸಾಲು. ಎರಡು ಪಂದ್ಯಗಳ ಸಂಪಾದನೆಯನ್ನು ಆತ ನೌಕಾಪಡೆ ಮತ್ತು ಸೇನೆಯ ಪರಿಹಾರ ನಿಧಿಗಳಿಗೆ ಕೊಟ್ಟುಬಿಟ್ಟ. ತೆರಿಗೆ ಇಲಾಖೆ ಆ ಹಣವನ್ನೂ ಆತನ ಆದಾಯವೆಂದೇ ಲೆಕ್ಕ ಹಿಡಿಯಿತು! ಬಡತನದ ದಿನಗಳಲ್ಲಿ ಡೆಟ್ರಾಯಿಟ್ ನಗರ ತನ್ನ ಕುಟುಂಬಕ್ಕೆ ನೀಡಿದ್ದ ನೆರವನ್ನು ಲೆಕ್ಕ ಹಾಕಿ ಹಿಂದಿರುಗಿಸಿದವನೂ ಇವನೇ. ಆದರೆ ತನ್ನ ಹಣದ ಲೆಕ್ಕ ಇಡಲು ಮಾತ್ರ ಕಲಿಯಲಿಲ್ಲ. ಬೇಡಿದವರಿಗೆಲ್ಲ ಕೊಟ್ಟ, ದುಂದು ಮಾಡಿದ. ಬಾಕಿ, ಬಡ್ಡಿ ಬೆಳೆದು ಹತ್ತು ಲಕ್ಷ ಡಾಲರ್ ದಾಟಿತು. ನಿವೃತ್ತನಾದವನು ಸಾಲಕ್ಕಾಗಿ ಮತ್ತೆ ಕಣಕ್ಕಿಳಿದು 1951ರಲ್ಲಿ ಯುವಕ ಮಾರ್ಸಿಯಾನೋನಿಂದ ಏಟು ತಿಂದು ಬಿದ್ದ. ಆಮೇಲೆ ಹೊಟ್ಟೆಪಾಡಿಗಾಗಿ ಕುಸ್ತಿಯಾಡಿದ. ಕೊನೆಗೆ ಲಾಸ್ ವೇಗಸ್‌ನ ಜೂಜಿನ ಹೋಟೆಲಿನ ಬಾಗಿಲಲ್ಲಿ ಬಂದವರ ಕೈ ಕುಲುಕುವ ಕೆಲಸ ಸಿಕ್ಕಿತು.

ಶ್ಮೆಲಿಂಗನ ಕತೆ ಬೇರೆ. ಯುದ್ಧ ಮುಗಿದಾಗ ಅವನ ಕೈಯೂ ಬರಿದಾಗಿತ್ತು. ಆದರೆ ಕೋಕಾ ಕೋಲಾ ಮಾರಾಟದ ಹಕ್ಕು ಪಡೆದು ಚೇತರಿಸಿಕೊಂಡ. 1954ರಲ್ಲಿ ಅಮೆರಿಕಕ್ಕೆ ಹೋದಾಗ ಹುಡುಕಿಕೊಂಡು ಹೋಗಿ ಲೂಯಿಸನ ಮನೆಯ ಬಾಗಿಲು ತಟ್ಟಿದ. ಅಂದಿನಿಂದ ಇಬ್ಬರೂ ಕೊನೆಯವರೆಗೆ ಗೆಳೆಯರು. ಹಳೆಯ ಎದುರಾಳಿಗೆ ಶ್ಮೆಲಿಂಗ್ ಹಣದ ನೆರವನ್ನೂ ನೀಡಿದ.

1981ರ ಏಪ್ರಿಲ್ 12ರಂದು ಜೋ ಲೂಯಿಸ್ ತೀರಿಕೊಂಡ. ಅಧ್ಯಕ್ಷ ರೇಗನ್ ವಿಶೇಷ ಅನುಮತಿ ನೀಡಿ, ಸೈನಿಕರನ್ನು ಮಣ್ಣು ಮಾಡುವ ಆರ್ಲಿಂಗ್ಟನ್ ರುದ್ರಭೂಮಿಯಲ್ಲಿ ಜಾಗ ಕೊಡಿಸಿದರು. ಅಂತ್ಯಸಂಸ್ಕಾರದ ಖರ್ಚಿನಲ್ಲಿ ಒಂದು ಪಾಲನ್ನು ಜರ್ಮನಿಯಿಂದ ಶ್ಮೆಲಿಂಗ್ ಕೊಟ್ಟ. ಆತ ಇನ್ನೂ 24 ವರ್ಷ ಬಾಳಿ 2005ರಲ್ಲಿ, ತನ್ನ 99ನೆಯ ವಯಸ್ಸಿನಲ್ಲಿ ನಿಧನನಾದ.