ಬೇವಿನ ಮರದ ಮನೆ

ಕಳೆದ ರಜೆಯಲ್ಲಿ ನಮ್ಮ ನಾನಾ ಉಮ್ರಾ ಮುಗಿಸಿ ಬಂದರು. ಎಲ್ಲರಿಗೂ ಝಮ್‌ಝಮ್ ನೀರು, ಖರ್ಜೂರ ಹಂಚಿದ ಮೇಲೆ ನನ್ನನ್ನು ಹತ್ತಿರ ಕರೆದು ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದರು. ಜಿದ್ದಾದ ಹಳೇ ಪೇಟೆಯಲ್ಲಿ ಮರದ ಜಾಲರಿ ಕಿಟಕಿಗಳಿದ್ದ ಎತ್ತರದ ಮನೆ, ಅದರ ಮುಂದೆ ಒಂದು ಮರ. ಎಲೆ ನೋಡಿದ ಕೂಡಲೇ ಗುರುತು ಹಿಡಿದೆ. ಅದು ನಮ್ಮ ಬೇವು! ಅದು ನಸೀಫ್ ಮನೆ ಎಂದು ನಾನಾ ಹೇಳಿದರು. ಅಂದಿನಿಂದ ಆ ಮನೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಅದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಕೆಂಪು ಸಮುದ್ರದಲ್ಲಿ ಹಡಗುಗಳ ಓಡಾಟ ಹೆಚ್ಚಿತು, ಜಿದ್ದಾದ ವರ್ತಕರ ಕೈಯಲ್ಲಿ ಹಣ ಓಡಾಡತೊಡಗಿತು. ಅವರಲ್ಲಿ ಒಬ್ಬರಾದ ಉಮರ್ ನಸೀಫ್ ಎಫೆಂದಿ 1872ರಲ್ಲಿ ಈ ಮನೆಯ ಕೆಲಸ ಆರಂಭಿಸಿದರು. ಅದು ಮುಗಿದದ್ದು 1881ರಲ್ಲಿ.

ಗೋಡೆಗಳಿಗೆ ಬಳಸಿದ್ದು ಸಮುದ್ರದ ಹವಳದ ಕಲ್ಲು. ಆ ಕಲ್ಲು ಮೆದು. ಆದ್ದರಿಂದ ನಡುನಡುವೆ ಮರದ ತೊಲೆಗಳನ್ನು ಅಡ್ಡಲಾಗಿ ಇಟ್ಟು ಭಾರವನ್ನು ಸಮನಾಗಿ ಹಂಚಿದ್ದಾರೆ. ಹೊರಚಾಚಿದ ಜಾಲರಿ ಕಿಟಕಿಗಳಿಗೆ ರೌಶನ್ ಎನ್ನುತ್ತಾರೆ. ಅವು ಗಾಳಿಯನ್ನು ಒಳಗೆ ಬಿಟ್ಟು ಬಿಸಿಲನ್ನು ತಡೆಯುತ್ತವೆ. ಒಳಗಿನ ಹೆಂಗಸರು ಬೀದಿಯನ್ನು ನೋಡಬಹುದು, ಬೀದಿಯವರಿಗೆ ಒಳಗಿನವರು ಕಾಣುವುದಿಲ್ಲ. ಇಂತಹ ಕಿಟಕಿಗಳಿಗೆ ತೇಗದ ಮರ ನಮ್ಮ ದೇಶದ ಕಡೆಯಿಂದಲೂ ಹಡಗಿನಲ್ಲಿ ಹೋಗುತ್ತಿತ್ತು. ಮೆಟ್ಟಿಲುಗಳು ಅಗಲವಾಗಿ, ತಗ್ಗಾಗಿವೆ. ಸಾಮಾನು ಹೊತ್ತ ಒಂಟೆಗಳು ಮೇಲಿನ ಅಂತಸ್ತಿನವರೆಗೂ ಹತ್ತುತ್ತಿದ್ದವಂತೆ! ಸಿಹಿನೀರಿಗೆ ಬರವಿದ್ದ ಆ ಊರಿನಲ್ಲಿ ಮರಗಳೇ ಅಪರೂಪ. ಹಾಗಾಗಿ ಇದು ‘ಮರವಿರುವ ಮನೆ’ ಎಂದೇ ಹೆಸರಾಯಿತು.

ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಉಮರ್ ಅವರ ಮೊಮ್ಮಗ ಮುಹಮ್ಮದ್ ನಸೀಫ್. 1885ರಲ್ಲಿ ಜನಿಸಿದ ಅವರು ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು ಅಜ್ಜನ ಆಶ್ರಯದಲ್ಲಿ ಬೆಳೆದರು. ಮುಂದೆ ಮನೆ, ಆಸ್ತಿ, ಹೆಸರು ಎಲ್ಲವೂ ಅವರ ಕೈಗೆ ಬಂತು. ಆದರೆ ಅವರಿಗಿದ್ದ ಆಸೆ ಪುಸ್ತಕದ್ದು. ಮುದ್ರಿತ ಗ್ರಂಥ, ಹಸ್ತಪ್ರತಿ ಎನ್ನದೆ ಸಾವಿರಾರು ಪುಸ್ತಕಗಳನ್ನು ಕೂಡಿಟ್ಟರು, ಅವುಗಳ ಕೋಣೆಗೆ ಬೀಗ ಹಾಕಲಿಲ್ಲ. ಹಜ್‌ಗೆ ಬಂದ ಆಲಿಮರು, ಸಂಶೋಧಕರು, ವಿದೇಶಿ ಪ್ರಯಾಣಿಕರು ಆ ಮನೆಯಲ್ಲಿ ಕುಳಿತು ಓದಿದರು, ಚರ್ಚಿಸಿದರು. ಒಳ್ಳೆಯ ಗ್ರಂಥಗಳ ಮುದ್ರಣಕ್ಕೆ ಸ್ವಂತ ಹಣ ಕೊಟ್ಟು ಪ್ರತಿಗಳನ್ನು ಉಚಿತವಾಗಿ ಹಂಚಿದರು.

1925ರ ಡಿಸೆಂಬರಿನಲ್ಲಿ ಜಿದ್ದಾ ಶರಣಾದಾಗ ಅಬ್ದುಲ್ ಅಝೀಝ್ ಇಬ್ನ್ ಸೌದ್ ತಂಗಿದ್ದೂ ಇದೇ ಮನೆಯಲ್ಲಿ. ರಾಜರು ಇಳಿದುಕೊಂಡ ಮನೆಯಲ್ಲಿ ಸಾಮಾನ್ಯ ಓದುಗನಿಗೂ ಜಾಗವಿತ್ತು ಎಂಬುದೇ ನನಗೆ ದೊಡ್ಡ ವಿಷಯ. ಮುಹಮ್ಮದ್ ನಸೀಫ್ 1971ರಲ್ಲಿ ತೀರಿಕೊಂಡರು. ಅವರ ಪುಸ್ತಕಗಳು ಜಿದ್ದಾದ ಕಿಂಗ್ ಅಬ್ದುಲ್ ಅಝೀಝ್ ವಿಶ್ವವಿದ್ಯಾಲಯಕ್ಕೆ ಸೇರಿದವು. ಅವರನ್ನು ಕಂಡೇ ಇರದ ವಿದ್ಯಾರ್ಥಿಗಳಿಗೆ ಅವು ದಕ್ಕಿದವು. 2014ರಲ್ಲಿ ಜಿದ್ದಾದ ಹಳೇ ಪೇಟೆ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಇಷ್ಟು ಓದಿದ ಮೇಲೆ ನನಗೆ ನಾಚಿಕೆಯಾಯಿತು. ಕಾರಣ ಹೇಳಿಬಿಡುತ್ತೇನೆ. ಅರ್ಧವಾರ್ಷಿಕ ಪರೀಕ್ಷೆಗೆ ಮುಂಚೆ ಒಬ್ಬ ಸಹಪಾಠಿ ನನ್ನ ಲೆಕ್ಕಶಾಸ್ತ್ರದ ನೋಟ್ಸ್ ಕೇಳಿದ್ದ. ಜ್ವರದಿಂದ ಅವನಿಗೆ ಎರಡು ವಾರ ತರಗತಿ ತಪ್ಪಿತ್ತು. ಮನೆಯಲ್ಲಿ ಎಲ್ಲೋ ಕಳೆದುಹೋಗಿದೆ ಎಂದು ನಾನು ಸುಳ್ಳು ಹೇಳಿದೆ. ಅವನಿಗೆ ನನಗಿಂತ ಹೆಚ್ಚು ಅಂಕ ಬಂದರೆ ಎಂಬ ಹೆದರಿಕೆ. ನೋಟ್ಸ್ ನನ್ನ ಬ್ಯಾಗಿನಲ್ಲೇ ಇತ್ತು. ಅವನು ಆ ವಿಷಯದಲ್ಲಿ ಫೇಲಾದ.

ಪ್ರಯೋಜನಕ್ಕೆ ಬರುವ ವಿದ್ಯೆಯನ್ನು ಬಿಟ್ಟುಹೋದರೆ ಅದು ಸದಖಾ ಜಾರಿಯಾ, ನಿಲ್ಲದೆ ಹರಿಯುವ ದಾನ ಎಂದು ಮದ್ರಸಾದಲ್ಲಿ ಕಲಿತಿದ್ದೆ. ಕಲಿತದ್ದು ಬಾಯಲ್ಲಿತ್ತು, ಕೈಗೆ ಇಳಿದಿರಲಿಲ್ಲ. ರಜೆ ಮುಗಿದ ಮೊದಲ ದಿನವೇ ನೋಟ್ಸ್ ಒಯ್ದು ಅವನಿಗೆ ಕೊಟ್ಟು ಇದ್ದದ್ದನ್ನು ಹೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೊದಲ ಪಾಠ ಎಲ್ಲಿಂದ ಶುರು ಎಂದು ಕೇಳಿದ. ಈಗ ಸಂಜೆ ಇಬ್ಬರೂ ಕಾಲೇಜು ಗ್ರಂಥಾಲಯದಲ್ಲಿ ಒಟ್ಟಿಗೇ ಕೂರುತ್ತೇವೆ. ಸ್ನೇಹಿತರೇ, ನಮ್ಮಲ್ಲಿ ನಸೀಫ್ ಅವರಂತಹ ದೊಡ್ಡ ಮನೆ ಇಲ್ಲದಿರಬಹುದು. ಬೆಂಚಿನಲ್ಲಿ ಪಕ್ಕದವನಿಗೆ ಜಾಗವಂತೂ ಇದೆ.