ಆಟಕ್ಕುಂಟು, ಲೆಕ್ಕಕ್ಕಿಲ್ಲ: ಪ್ಲಾಸ್ಮಿಡ್‌ಗಳ ಲೆಕ್ಕ ಇಟ್ಟ ಎಸ್ತರ್ ಲೆಡರ್‌ಬರ್ಗ್

ಸೆಕೆಂಡ್ ಪಿಯುಸಿಯಲ್ಲಿ ಬಯಾಲಜಿ ಓದಿದವರಿಗೆ ಒಂದು ಚಿತ್ರ ನೆನಪಿರಬೇಕು. ಒಂದು ವೃತ್ತ. ಅದರ ಮೇಲೆ ಒಂದು ಕಡೆ ಆಂಪಿಸಿಲಿನ್ ನಿರೋಧಕ ಜೀನ್, ಇನ್ನೊಂದು ಕಡೆ ಟೆಟ್ರಾಸೈಕ್ಲಿನ್ ನಿರೋಧಕ ಜೀನ್, ಸುತ್ತಲೂ ಎಲ್ಲೆಲ್ಲಿ ಕತ್ತರಿಸಬಹುದು ಅನ್ನೋ ಗುರುತುಗಳು. ಹೆಸರು ಪಿಬಿಆರ್322. ಪರೀಕ್ಷೆಗೆ ಬಂದೇ ಬರುತ್ತೆ ಅಂತ ಲೇಬಲ್ ಸಮೇತ ಬರೆದು ಬರೆದು ಕಲಿತ ಚಿತ್ರ ಅದು. ನಾನಂತೂ ಸಿಇಟಿ ಮುಗಿಸಿ ಎಂಜಿನಿಯರಿಂಗ್ ಸೇರಿದ ವಾರವೇ ಅದನ್ನು ಮರೆತುಬಿಟ್ಟಿದ್ದೆ.

ಆ ಪಾಠದಲ್ಲಿ ಕೋಹೆನ್ ಮತ್ತು ಬೋಯರ್ ಹೆಸರಿತ್ತು. ಪಿಬಿಆರ್ ಅನ್ನೋದರ ಒಳಗೆ ಬೊಲಿವಾರ್ ಮತ್ತು ರೋಡ್ರಿಗೆಸ್ ಇದ್ದಾರೆ. ಆದರೆ ಆ ಚಿತ್ರವನ್ನು ಪ್ರಯೋಗವಾಗಿ ಮಾಡಬೇಕೆಂದರೆ ಬೇಕಾಗುವ ವಿಧಾನವನ್ನು ಕೊಟ್ಟವರು, ಒಂದು ದಶಕ ಕಾಲ ಇಂಥ ಪ್ಲಾಸ್ಮಿಡ್‌ಗಳ ಹೆಸರುಗಳ ದಾಖಲೆ ಇಟ್ಟವರು, ಆ ಪಾಠದಲ್ಲಿ ಇರಲಿಲ್ಲ. ಅವರ ಹೆಸರು ಎಸ್ತರ್ ಲೆಡರ್‌ಬರ್ಗ್.

ಎಸ್ತರ್ ಮಿರಿಯಂ ಜಿಮ್ಮರ್ ಹುಟ್ಟಿದ್ದು 1922ರ ಡಿಸೆಂಬರ್ 18ರಂದು, ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ, ಬಡ ಯಹೂದಿ ಕುಟುಂಬದಲ್ಲಿ. ಬಾಲ್ಯ ಪೂರ್ತಿ ಮಹಾ ಆರ್ಥಿಕ ಕುಸಿತದ ಕಾಲ. ಎಷ್ಟೋ ದಿನ ಮಧ್ಯಾಹ್ನದ ಊಟ ಅಂದರೆ ಒಂದು ತುಂಡು ಬ್ರೆಡ್, ಅದರ ಮೇಲೆ ಹಿಂಡಿದ ಟೊಮೆಟೊ ರಸ, ಅಷ್ಟೇ. ಹುಡುಗಿ ಮಾತ್ರ ಓದಿನಲ್ಲಿ ಚುರುಕು. 15ನೇ ವಯಸ್ಸಿಗೇ ಹೈಸ್ಕೂಲು ಮುಗಿಸಿ, ಸ್ಕಾಲರ್‌ಶಿಪ್ ಪಡೆದು ಹಂಟರ್ ಕಾಲೇಜು ಸೇರಿದರು. ಮೊದಲು ಫ್ರೆಂಚ್ ಅಥವಾ ಸಾಹಿತ್ಯ ಓದುವ ಮನಸ್ಸಿತ್ತು. ವಿಜ್ಞಾನಕ್ಕೆ ಬದಲಾಯಿಸುತ್ತೇನೆ ಅಂದಾಗ ಮೇಷ್ಟ್ರುಗಳೇ ಬೇಡ ಅಂದರು. ಹೆಂಗಸರಿಗೆ ಈ ದಾರಿ ಕಷ್ಟ ಅನ್ನೋದು ಅವರ ಕಾಳಜಿ. ಅವರ ಊಹೆ ಸುಳ್ಳಾಗಲಿಲ್ಲ. ಆದರೂ ಎಸ್ತರ್ ಅದೇ ದಾರಿ ಹಿಡಿದರು.

1942ರಲ್ಲಿ ಪದವಿ. ಅಷ್ಟರೊಳಗೇ ನ್ಯೂಯಾರ್ಕ್ ಬೊಟಾನಿಕಲ್ ಗಾರ್ಡನ್‌ನಲ್ಲಿ ಬ್ರೆಡ್‌ಗೆ ಹಿಡಿಯುವ ನ್ಯೂರೋಸ್ಪೋರಾ ಅನ್ನೋ ಬೂಷ್ಟಿನ ಮೇಲೆ ಕೆಲಸ ಮಾಡಿ ಕೈ ಪಳಗಿತ್ತು. 1944ರಲ್ಲಿ ಕ್ಯಾಲಿಫೋರ್ನಿಯಾದ ಸ್ಟಾನ್‌ಫರ್ಡ್‌ಗೆ ಹೋದರು. ಅಲ್ಲಿದ್ದವರು ಜಾರ್ಜ್ ಬೀಡಲ್ ಮತ್ತು ಎಡ್ವರ್ಡ್ ಟೇಟಂ, ಜೀನ್‌ಗಳು ಜೀವಕೋಶದ ರಾಸಾಯನಿಕ ಕೆಲಸವನ್ನು ಹೇಗೆ ನಡೆಸುತ್ತವೆ ಅಂತ ತೋರಿಸಿದ ಜೋಡಿ. ಎಸ್ತರ್ ಕೈಯಲ್ಲಿ ಕಾಸಿರಲಿಲ್ಲ. ಮನೆ ಮಾಲಕಿಯ ಬಟ್ಟೆ ಒಗೆದುಕೊಟ್ಟು ಬಾಡಿಗೆ ತೀರಿಸುತ್ತಿದ್ದರು. ಲ್ಯಾಬಿನಲ್ಲಿ ಕೊಯ್ದು ಉಳಿದ ಕಪ್ಪೆಗಳ ಕಾಲು ತಿಂದು ಹೊಟ್ಟೆ ತುಂಬಿಸಿಕೊಂಡ ದಿನಗಳೂ ಇದ್ದವು. 1946ರಲ್ಲಿ ಎಂಎ ಮುಗಿಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಜೋಶುವಾ ಲೆಡರ್‌ಬರ್ಗ್ ಜೊತೆ ಮದುವೆ.

ಜೋಶುವಾ ಆಗ 21ರ ಹುಡುಗ. ಆದರೆ ಆಗಲೇ ಟೇಟಂ ಜೊತೆ ಸೇರಿ, ಬ್ಯಾಕ್ಟೀರಿಯಾಗಳೂ ಕೂಡಿಕೊಂಡು ಜೀನ್ ವಿನಿಮಯ ಮಾಡಿಕೊಳ್ಳುತ್ತವೆ ಅಂತ ತೋರಿಸಿಯಾಗಿತ್ತು. ಅದು ದೊಡ್ಡ ಶೋಧ, ಎಸ್ತರ್ ಜೊತೆಯಾಗುವ ಮೊದಲೇ ಆದದ್ದು. ಈ ಕಥೆಯಲ್ಲಿ ಗಂಡನನ್ನು ಖಳನಾಯಕ ಮಾಡೋದು ಸುಲಭ. ಹಂಗೆ ಮಾಡಿದರೆ ನಿಜವಾದ ಸಮಸ್ಯೆ ಕೈತಪ್ಪಿ ಹೋಗುತ್ತೆ.

1947ರಲ್ಲಿ ದಂಪತಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಬಂದರು. ಜೋಶುವಾಗೆ ಪ್ರಾಧ್ಯಾಪಕ ಹುದ್ದೆ. ಎಸ್ತರ್ ಪಿಎಚ್‌ಡಿ ವಿದ್ಯಾರ್ಥಿನಿ, 1950ರಲ್ಲಿ ಪದವಿ. ಮುಂದಿನ ಎರಡೇ ವರ್ಷಗಳಲ್ಲಿ ಮೂರು ದೊಡ್ಡ ಕೆಲಸ ಹೊರಬಂದವು.

ಮೊದಲನೆಯದು ಲ್ಯಾಂಬ್ಡಾ. ಲ್ಯಾಬುಗಳಲ್ಲಿ ಎಲ್ಲರೂ ಬಳಸುತ್ತಿದ್ದ ಇ. ಕೊಲೈ ಬ್ಯಾಕ್ಟೀರಿಯಾದ ಕೆ-12 ತಳಿಯ ಒಳಗೆ ಒಂದು ವೈರಸ್ ಸದ್ದಿಲ್ಲದೆ ಕೂತಿತ್ತು. ತಟ್ಟೆಯ ಮೇಲೆ ಬೆಳೆದ ಕೆಲವು ಕಾಲೋನಿಗಳ ಅಂಚನ್ನು ಯಾರೋ ಕಚ್ಚಿದಂತೆ ಇದ್ದದ್ದನ್ನು ಎಸ್ತರ್ ನೋಡಿದರು, ಬೆನ್ನುಹತ್ತಿದರು. 1951ರಲ್ಲಿ ವರದಿ ಮಾಡಿದರು. ಮುಂದೆ ಜೀನ್‌ಗಳು ಹೇಗೆ ಆನ್, ಆಫ್ ಆಗುತ್ತವೆ ಅಂತ ಒಂದಿಡೀ ತಲೆಮಾರು ಕಲಿತದ್ದು ಈ ವೈರಸ್ಸಿನಿಂದ.

ಎರಡನೆಯದು ಎಫ್. ಎರಡು ಬ್ಯಾಕ್ಟೀರಿಯಾ ತಳಿಗಳನ್ನು ಕೂಡಿಸಿದಾಗ ಕೆಲವೊಮ್ಮೆ ಏನೂ ಫಲ ಸಿಗುತ್ತಿರಲಿಲ್ಲ. ಯಾಕೆ ಅಂತ ಹುಡುಕುತ್ತಾ ಹೋದರೆ ತಿಳಿದದ್ದು ಇಷ್ಟು: ಜೀನ್ ಕೊಡುವ ಶಕ್ತಿ ಎಲ್ಲಕ್ಕೂ ಇಲ್ಲ, ಅದಕ್ಕೊಂದು ಪ್ರತ್ಯೇಕ ಅಂಶ ಬೇಕು, ಮತ್ತು ಆ ಅಂಶ ಬರೀ ಸಂಪರ್ಕದಿಂದ ಅಂಟುಜಾಡ್ಯದಂತೆ ಹರಡುತ್ತೆ. 1952ರಲ್ಲಿ ಬಂದ ಪ್ರಬಂಧದಲ್ಲಿ ಮೂವರ ಹೆಸರಿದೆ: ಜೋಶುವಾ, ಇಟಲಿಯ ಲೂಯಿಜಿ ಕವಾಲಿ, ಮತ್ತು ಎಸ್ತರ್. ಇಂಗ್ಲೆಂಡಿನಲ್ಲಿ ವಿಲಿಯಂ ಹೇಯ್ಸ್ ಸ್ವತಂತ್ರವಾಗಿ ಅದೇ ತೀರ್ಮಾನಕ್ಕೆ ಬಂದಿದ್ದರು. ಅದೇ ವರ್ಷ ಜೋಶುವಾ ಪ್ಲಾಸ್ಮಿಡ್ ಅನ್ನೋ ಪದ ಹುಟ್ಟುಹಾಕಿದರು. ಎಫ್ ಅಂಥದ್ದೇ ಒಂದು ಪ್ಲಾಸ್ಮಿಡ್.

ಪ್ಲಾಸ್ಮಿಡ್ ಅಂದರೆ ಏನು? ಬ್ಯಾಕ್ಟೀರಿಯಾದ ಮುಖ್ಯ ಡಿಎನ್‌ಎ ಅದರ ಹಾರ್ಡ್‌ಡಿಸ್ಕ್ ಅಂದುಕೊಂಡರೆ, ಪ್ಲಾಸ್ಮಿಡ್ ಒಂದು ಪೆನ್‌ಡ್ರೈವ್. ಸಾಮಾನ್ಯವಾಗಿ ಉಂಗುರದಂಥ ಪುಟ್ಟ ಡಿಎನ್‌ಎ. ತನ್ನ ಪ್ರತಿ ತಾನೇ ಮಾಡಿಕೊಳ್ಳುತ್ತೆ, ಎಷ್ಟೋ ಸಲ ಪಕ್ಕದ ಬ್ಯಾಕ್ಟೀರಿಯಾಗೂ ದಾಟುತ್ತೆ. ಇದು ಬರೀ ಲ್ಯಾಬಿನ ಕುತೂಹಲ ಅಲ್ಲ ಅಂತ ಜಗತ್ತಿಗೆ ಗೊತ್ತಾಗಿದ್ದು ಜಪಾನಿನಿಂದ. 1950ರ ದಶಕದಲ್ಲಿ ಅಲ್ಲಿನ ಆಮಶಂಕೆ ರೋಗಿಗಳಲ್ಲಿ ಸಲ್ಫಾ, ಸ್ಟ್ರೆಪ್ಟೊಮೈಸಿನ್, ಕ್ಲೋರಾಂಫೆನಿಕಾಲ್, ಟೆಟ್ರಾಸೈಕ್ಲಿನ್ ನಾಲ್ಕಕ್ಕೂ ಜಗ್ಗದ ಬ್ಯಾಕ್ಟೀರಿಯಾ ಸಿಗತೊಡಗಿತು. ನಾಲ್ಕೂ ನಿರೋಧಕ ಶಕ್ತಿಗಳು ಒಟ್ಟಿಗೇ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದು ಜಾತಿಯ ಬ್ಯಾಕ್ಟೀರಿಯಾಗೆ ದಾಟುತ್ತವೆ ಅಂತ 1959ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಎಫ್ ದಾಟಿದ ಹಾಗೇ ಇವೂ ದಾಟುತ್ತಿದ್ದವು.

ಮೂರನೆಯದು ವೆಲ್ವೆಟ್ ಬಟ್ಟೆ. ಒಂದು ತಟ್ಟೆಯ ಮೇಲೆ ನೂರಾರು ಕಾಲೋನಿಗಳಿವೆ. ಅವುಗಳಲ್ಲಿ ಯಾವುದು ಯಾವ ಔಷಧಿಗೆ ಬದುಕುತ್ತೆ ಅಂತ ತಿಳಿಯಬೇಕಾದರೆ ಆಗ ಒಂದೊಂದನ್ನೂ ಕಡ್ಡಿಯಿಂದ ತೆಗೆದು ಬೇರೆ ತಟ್ಟೆಗೆ ಹಾಕಬೇಕಿತ್ತು. ಎಸ್ತರ್ ಮೊದಲು ತಮ್ಮ ಮೇಕಪ್ ಡಬ್ಬಿಯ ಪೌಡರ್ ಪಫ್‌ನಿಂದ ಒತ್ತಿ ನೋಡಿದರು ಅಂತ ಅವರನ್ನು ಬಲ್ಲವರು ನೆನೆಯುತ್ತಾರೆ. ಕೊನೆಗೆ ನಿಂತದ್ದು ವೆಲ್ವೆಟ್. ಶುದ್ಧೀಕರಿಸಿದ ಬಟ್ಟೆಯನ್ನು ಒಂದು ದಿಮ್ಮಿಗೆ ಕಟ್ಟಿ, ತಟ್ಟೆಯನ್ನು ಅದರ ಮೇಲೆ ಮೆಲ್ಲಗೆ ಒತ್ತಿದರೆ ಅದರ ಸಾವಿರಾರು ನವಿರು ಎಳೆಗಳಿಗೆ ಬ್ಯಾಕ್ಟೀರಿಯಾ ಅಂಟುತ್ತೆ. ಹೊಸ ತಟ್ಟೆಗಳನ್ನು ಒಂದಾದ ಮೇಲೊಂದು ಒತ್ತಿದರೆ ರಬ್ಬರ್ ಸ್ಟ್ಯಾಂಪ್ ಹೊಡೆದ ಹಾಗೆ ಅದೇ ಕಾಲೋನಿಗಳು, ಅದದೇ ಜಾಗದಲ್ಲಿ. ಇದೇ ರೆಪ್ಲಿಕಾ ಪ್ಲೇಟಿಂಗ್. 1952ರ ಪ್ರಬಂಧದಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇದೆ.

ಇದರಿಂದ ಅವರು ಬಗೆಹರಿಸಿದ ಪ್ರಶ್ನೆ ಇವತ್ತಿಗೂ ನಮ್ಮ ಮೆಡಿಕಲ್ ಶಾಪ್‌ಗಳ ಮುಂದೆ ನಿಂತಿದೆ. ಬ್ಯಾಕ್ಟೀರಿಯಾಗೆ ನಿರೋಧಕ ಶಕ್ತಿಯನ್ನು ಔಷಧಿ ಕಲಿಸುತ್ತಾ, ಇಲ್ಲಾ ಅದು ಮೊದಲೇ ಕೆಲವಕ್ಕೆ ಇರುತ್ತಾ? ಮೂಲ ತಟ್ಟೆಯಿಂದ ಸ್ಟ್ರೆಪ್ಟೊಮೈಸಿನ್ ಇರುವ ತಟ್ಟೆಗೆ ಅಚ್ಚು ಒತ್ತಿದರು. ಅಲ್ಲಿ ಬದುಕಿದವು ಯಾವ ಜಾಗದಲ್ಲಿವೆ ನೋಡಿ, ಔಷಧಿಯನ್ನೇ ಕಾಣದ ಮೂಲ ತಟ್ಟೆಯ ಅದೇ ಜಾಗದಿಂದ ಬ್ಯಾಕ್ಟೀರಿಯಾ ತೆಗೆದು ಬೆಳೆಸಿದರು. ಹೀಗೇ ಮತ್ತೆ ಮತ್ತೆ ಮಾಡುತ್ತಾ ಹೋದಾಗ, ಸ್ಟ್ರೆಪ್ಟೊಮೈಸಿನ್‌ನ ಸೋಂಕೂ ಇಲ್ಲದ ವಂಶದಲ್ಲೇ ಅದನ್ನು ತಡೆದುಕೊಳ್ಳುವವು ಸಿಕ್ಕವು. ಅಂದರೆ ಔಷಧಿ ಏನನ್ನೂ ಕಲಿಸುವುದಿಲ್ಲ. ದುರ್ಬಲರನ್ನು ಗುಡಿಸಿ ಹಾಕಿ, ಮೊದಲೇ ಇದ್ದ ಬಲಿಷ್ಠರಿಗೆ ಹೊಲ ಖಾಲಿ ಮಾಡಿಕೊಡುತ್ತೆ. ಬೇಕಿಲ್ಲದ ಕಡೆ ನುಂಗಿದ ಪ್ರತಿ ಆಂಟಿಬಯೋಟಿಕ್ ಮಾತ್ರೆ ಮಾಡುವ ಕೆಲಸವೂ ಇದೇ.

ಈಗ ಪಿಯುಸಿ ಚಿತ್ರಕ್ಕೆ ವಾಪಸ್ ಬನ್ನಿ. ಲ್ಯಾಬಿನಲ್ಲಿ ಪ್ಲಾಸ್ಮಿಡ್ ಹಾಕಿದಾಗ ಲಕ್ಷಾಂತರ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಮಾತ್ರ ಅದನ್ನು ಒಳಗೆ ತೆಗೆದುಕೊಳ್ಳುತ್ತವೆ. ಯಾವುವು ಅಂತ ಕಣ್ಣಿಗೆ ಕಾಣಲ್ಲ. ಅದಕ್ಕೇ ಪ್ಲಾಸ್ಮಿಡ್ ಮೇಲೆ ಆಂಪಿಸಿಲಿನ್ ನಿರೋಧಕ ಜೀನ್ ಇಟ್ಟಿರುತ್ತಾರೆ. ತಟ್ಟೆಗೆ ಆಂಪಿಸಿಲಿನ್ ಬೆರೆಸಿದರೆ ಪ್ಲಾಸ್ಮಿಡ್ ಇದ್ದವು ಉಳಿಯುತ್ತವೆ, ಇಲ್ಲದವು ಸಾಯುತ್ತವೆ. ಹಾಲ್ ಟಿಕೆಟ್ ಇದ್ದವರಿಗೆ ಮಾತ್ರ ಪ್ರವೇಶ. ನಾವು ಸೇರಿಸಬೇಕಾದ ಹೊಸ ಜೀನನ್ನು ಟೆಟ್ರಾಸೈಕ್ಲಿನ್ ಜೀನಿನ ನಡುವೆ ತೂರಿಸಿದರೆ ಆ ಜೀನ್ ಕೆಡುತ್ತೆ. ಹಾಗಾಗಿ ನಮಗೆ ಬೇಕಾದವು ಆಂಪಿಸಿಲಿನ್‌ನಲ್ಲಿ ಬದುಕಿ ಟೆಟ್ರಾಸೈಕ್ಲಿನ್‌ನಲ್ಲಿ ಸಾಯುವಂಥವು. ಸತ್ತದ್ದನ್ನು ಎತ್ತಿಕೊಳ್ಳೋದು ಹೇಗೆ? ಎರಡು ತಟ್ಟೆಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಕಾಲೋನಿ ಇದ್ದರೆ, ಇಲ್ಲಿ ಸತ್ತದ್ದನ್ನು ಅಲ್ಲಿ ಜೀವಂತವಾಗಿ ಹುಡುಕಬಹುದು. ಮತ್ತೆ ಅದೇ ವೆಲ್ವೆಟ್.

1956ರಲ್ಲಿ ಇಲಿನಾಯ್ಸ್‌ನ ಬ್ಯಾಕ್ಟೀರಿಯಾ ತಜ್ಞರ ಸಂಘ ತನ್ನ ಪಾಶ್ಚರ್ ಪ್ರಶಸ್ತಿಯನ್ನು ಇಬ್ಬರಿಗೂ ಸೇರಿಸಿಯೇ ಕೊಟ್ಟಿತು. ಅಂದರೆ ಆ ಕ್ಷೇತ್ರದವರಿಗೆ ಗೊತ್ತಿತ್ತು. 1958ರಲ್ಲಿ ನೊಬೆಲ್ ಬಂತು, ಬೀಡಲ್, ಟೇಟಂ ಮತ್ತು ಜೋಶುವಾಗೆ. ಒಬ್ಬರು ಗಂಡ, ಉಳಿದಿಬ್ಬರು ಎಸ್ತರ್‌ಗೆ ಪಾಠ ಹೇಳಿದವರು. ಸ್ಟಾಕ್‌ಹೋಮ್‌ಗೆ ಎಸ್ತರ್ ಹೋಗಿದ್ದು ವಿಜೇತರ ಪತ್ನಿಯಾಗಿ.

1959ರಲ್ಲಿ ಇಬ್ಬರೂ ಸ್ಟಾನ್‌ಫರ್ಡ್‌ಗೆ ಬಂದರು. ಜೋಶುವಾಗೆ ಹೊಸ ಜೆನೆಟಿಕ್ಸ್ ವಿಭಾಗದ ಮುಖ್ಯಸ್ಥ ಸ್ಥಾನ. ಎಸ್ತರ್‌ಗೆ ಖಾಯಂ ಹುದ್ದೆ ಇಲ್ಲ. ಅವರು ಇನ್ನಿಬ್ಬರು ಮಹಿಳೆಯರ ಜೊತೆ ಸೇರಿ ಮೆಡಿಕಲ್ ಸ್ಕೂಲಿನ ಡೀನ್ ಬಳಿ ಹೋಗಿ, ಬೋಧಕ ವರ್ಗದಲ್ಲಿ ಹೆಂಗಸರು ಯಾಕಿಲ್ಲ ಅಂತ ಕೇಳಿದರು. ಕೊನೆಗೆ ಸಿಕ್ಕಿದ್ದು ಸಂಶೋಧನಾ ಸಹ ಪ್ರಾಧ್ಯಾಪಕಿ ಅನ್ನೋ ಹುದ್ದೆ, ಅದೂ ಖಾಯಂ ಅಲ್ಲ. 1960ರ ದಶಕದಲ್ಲಿ ಮದುವೆ ಮುರಿಯಿತು. ಜೋಶುವಾ ಕುರ್ಚಿ ಅವರ ಹತ್ತಿರವೇ ಇತ್ತು. ಎಸ್ತರ್ ತಮ್ಮ ಜಾಗ ಉಳಿಸಿಕೊಳ್ಳಲು ಹೆಣಗಬೇಕಾಯಿತು.

1974ರಲ್ಲಿ ಎಸ್ತರ್ ಸ್ಟ್ಯಾನ್ಲಿ ಕೋಹೆನ್ ಜೊತೆ ಸೇರಿ, ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಕೂಡ ಹೊರಗಿನಿಂದ ಪ್ಲಾಸ್ಮಿಡ್ ಡಿಎನ್‌ಎ ತೆಗೆದುಕೊಳ್ಳುತ್ತೆ ಅಂತ ತೋರಿಸಿದ ಪ್ರಬಂಧ ಪ್ರಕಟಿಸಿದರು. ಹೌದು, ಪಿಯುಸಿ ಪುಸ್ತಕದ ಅದೇ ಕೋಹೆನ್. ಅದೇ 1974ರಲ್ಲಿ ಅವರ ಹುದ್ದೆಯನ್ನು ಅಡ್ಜಂಕ್ಟ್ ಪ್ರಾಧ್ಯಾಪಕಿ ಅಂತ ಇಳಿಸಲಾಯಿತು. ಸಂಶೋಧನೆಗೆ ಅನುದಾನ ಬಂದರೆ ಕರಾರು ಮುಂದುವರಿಕೆ, ಇಲ್ಲದಿದ್ದರೆ ಇಲ್ಲ. ನಮ್ಮ ಡಿಗ್ರಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರಾಗಿ ದುಡಿಯುತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಷ್ಟು ಹೊತ್ತಿಗೆ ಪ್ಲಾಸ್ಮಿಡ್ ಕೆಲಸ ಜಗತ್ತಿನ ತುಂಬ ಶುರುವಾಗಿತ್ತು. ಯಾರೋ ಒಂದು ಹೆಸರಿಡುತ್ತಿದ್ದರು, ಇನ್ಯಾರೋ ಬೇರೆ ಪ್ಲಾಸ್ಮಿಡ್‌ಗೆ ಅದೇ ಹೆಸರಿಡುತ್ತಿದ್ದರು. ಎರಡು ಸಾಫ್ಟ್‌ವೇರ್‌ಗೆ ಒಂದೇ ಹೆಸರಿಟ್ಟಾಗ ಆಗೋ ಗೋಳು ಎಂಜಿನಿಯರುಗಳಿಗೆ ಗೊತ್ತು. 1976ರಲ್ಲಿ ಸಂಶೋಧಕರು ಒಂದು ನಿಯಮ ಮುಂದಿಟ್ಟರು: ಮೊದಲು ಚಿಕ್ಕ ಪಿ, ಆಮೇಲೆ ಮಾಡಿದವರನ್ನು ಸೂಚಿಸುವ ಅಕ್ಷರಗಳು, ಆಮೇಲೆ ಸಂಖ್ಯೆ. ನಿಯಮ ಇದ್ದರೆ ಸಾಲದು, ಯಾರಾದರೂ ಕೂತು ರಿಜಿಸ್ಟರ್ ಬರೆಯಬೇಕಲ್ಲ? ಆ ಕೆಲಸಕ್ಕೆ ಸ್ಟಾನ್‌ಫರ್ಡ್‌ನಲ್ಲಿ ಪ್ಲಾಸ್ಮಿಡ್ ರೆಫರೆನ್ಸ್ ಸೆಂಟರ್ ಇತ್ತು. 1976ರಿಂದ 1986ರವರೆಗೆ ಅದರ ನಿರ್ದೇಶಕಿ ಎಸ್ತರ್. ಯಾವ ಲ್ಯಾಬಿಗೆ ಯಾವ ಅಕ್ಷರ, ಜಾಗದಿಂದ ಜಾಗಕ್ಕೆ ನೆಗೆಯುವ ಟ್ರಾನ್ಸ್‌ಪೋಸಾನ್‌ಗಳಲ್ಲಿ ಯಾವುದಕ್ಕೆ ಯಾವ ಸಂಖ್ಯೆ, ಎಲ್ಲ ಅಲ್ಲಿ ದಾಖಲಾಗುತ್ತಿತ್ತು. 1985ರಲ್ಲಿ ನಿವೃತ್ತಿಯಾದ ಮೇಲೂ ಸಂಬಳ ಇಲ್ಲದೆ ಆ ಕೆಲಸ ಮುಂದುವರಿಸಿದರು.

ಈ ನಡುವೆ ಅವರಿಗೊಂದು ಬೇರೆ ಲೋಕವೂ ಇತ್ತು. ರೆಕಾರ್ಡರ್ ಅನ್ನೋ ಕೊಳಲಿನಂಥ ವಾದ್ಯ ನುಡಿಸುತ್ತಿದ್ದರು. ಯುರೋಪಿನ ಹಳೆಯ ಸಂಗೀತಕ್ಕಾಗಿ 1962ರಲ್ಲಿ ಒಂದು ರೆಕಾರ್ಡರ್ ವಾದ್ಯವೃಂದವನ್ನೇ ಕಟ್ಟಿದರು. 1993ರಲ್ಲಿ ಅದೇ ಸಂಗೀತದ ಹುಚ್ಚಿದ್ದ ಒಬ್ಬರನ್ನು ಮದುವೆಯಾದರು. 2006ರ ನವೆಂಬರ್ 11ರಂದು, 83ನೇ ವಯಸ್ಸಿನಲ್ಲಿ, ಸ್ಟಾನ್‌ಫರ್ಡ್‌ನಲ್ಲೇ ತೀರಿಕೊಂಡರು.

ಎಸ್ತರ್‌ಗೂ ನೊಬೆಲ್ ಕೊಡಬೇಕಿತ್ತಾ ಅನ್ನೋದು ಚರ್ಚೆಗೆ ಚೆನ್ನಾಗಿದೆ. ಆದರೆ ಅದಕ್ಕಿಂತ ಸಣ್ಣ, ಅದಕ್ಕಿಂತ ಗಟ್ಟಿ ಪ್ರಶ್ನೆ ಸಂಬಳದ್ದು, ಹುದ್ದೆಯದ್ದು. ಲ್ಯಾಂಬ್ಡಾ ಕಂಡುಹಿಡಿದವರಿಗೆ, ಜಗತ್ತಿನ ಲ್ಯಾಬುಗಳು ದಿನಾ ಬಳಸುವ ವಿಧಾನ ಕೊಟ್ಟವರಿಗೆ ಒಂದು ಖಾಯಂ ಕೆಲಸ ಕೊಡಲು ಯಾವ ಸ್ವೀಡಿಷ್ ಸಮಿತಿಯ ಅಪ್ಪಣೆಯೂ ಬೇಕಿರಲಿಲ್ಲ. ಒಬ್ಬ ಡೀನ್ ಸಾಕಿತ್ತು. ಯಾರೋ ಒಬ್ಬರು ಕೆಟ್ಟವರಾಗಿದ್ದರಿಂದ ಇದು ತಪ್ಪಲಿಲ್ಲ. ಗಂಡನಿಗೆ ಕುರ್ಚಿ ಕೊಟ್ಟರೆ ಹೆಂಡತಿಯ ದುಡಿಮೆ ಪುಕ್ಕಟೆ ಬರುತ್ತೆ ಅನ್ನೋ ವ್ಯವಸ್ಥೆ ಎಲ್ಲರಿಗೂ ಅನುಕೂಲವಾಗಿತ್ತು, ಒಬ್ಬರನ್ನು ಬಿಟ್ಟು.

ಈ ವರ್ಷವೂ ಸೆಕೆಂಡ್ ಪಿಯುಸಿ ಮಕ್ಕಳು ಆ ವೃತ್ತ ಬರೆಯುತ್ತಾರೆ. ಅವರಿಗೆ ಪಾಠ ಹೇಳುವ ಮೇಡಂ ಖಾಯಮ್ಮಾ, ಅತಿಥಿಯಾ? ಒಮ್ಮೆ ಕೇಳಿ ನೋಡಿ.