ಕೇಳದೆ ಬಂದ ಪ್ರೀತಿ: ಹರ್ಮನ್ ಮೋಗ್ಲಿಂಗ್

ಕಳೆದ ಬೇಸಗೆ ರಜೆಯಲ್ಲಿ ಬಂಧುಗಳ ಮನೆಯ ಮದುವೆಗೆಂದು ನಾವು ಹೊಸೂರಿನ ಬಳಿಯ ಜೂಜುವಾಡಿಗೆ ಹೋಗಿದ್ದೆವು. ಅತ್ತಿಬೆಲೆ ದಾಟಿ ಗಡಿ ಕಳೆದೊಡನೆ ಸಿಗುವ ಊರು ಅದು; ಈಗ ಹೊಸೂರು ನಗರಕ್ಕೇ ಸೇರಿಹೋಗಿದೆ. ಅಂಗಡಿಗಳ ಹಲಗೆ ತಮಿಳಿನಲ್ಲಿ, ಚಪ್ಪರದೊಳಗಿನ ಮಾತು ಕನ್ನಡದಲ್ಲಿ. ನಮಗೆ ಅದೇನೂ ಹೊಸತಲ್ಲ. ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತ ಹಿರಿಯರೊಬ್ಬರು, ನಾವು ಕಾಸರಗೋಡಿನ ಕಡೆಯ ಅಧ್ಯಾಪಕರೆಂದು ತಿಳಿದು, ಕನ್ನಡದಲ್ಲಿ ಮೊದಲು ಪತ್ರಿಕೆ ಹೊರಡಿಸಿದ ಪಾದ್ರಿ ನಿಮ್ಮ ಕರಾವಳಿಯಲ್ಲಿದ್ದವರಲ್ಲವೇ ಎಂದು ಕೇಳಿದರು. ಹೌದೆಂದೆವು. ಆದರೆ ಮುಂದೆ ಹೇಳಲು ನಮ್ಮ ಬಳಿ ಇದ್ದುದು ಪಾಠಪುಸ್ತಕದ ಎರಡು ಸಾಲು ಮಾತ್ರ. ನಾಚಿಕೆಯಾಯಿತು. ಊರಿಗೆ ಮರಳಿದ ಮೇಲೆ ಓದಿ ತಿಳಿದುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಹರ್ಮನ್ ಮೋಗ್ಲಿಂಗರು ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದ ಬ್ರಾಕೆನ್‌ಹೈಮ್ ಎಂಬಲ್ಲಿ 1811ನೇ ಮೇ 29ರಂದು ಹುಟ್ಟಿದರು. ಟ್ಯೂಬಿಂಗೆನ್ನಿನಲ್ಲಿ ದೇವಶಾಸ್ತ್ರ ಕಲಿತರು. ಮಲಯಾಳಕ್ಕೆ ನಿಘಂಟು ಕೊಟ್ಟ ಹರ್ಮನ್ ಗುಂಡರ್ಟರೂ ಅಲ್ಲಿಯೇ ಓದಿದವರು, ಇವರ ಗೆಳೆಯರು. ಒಬ್ಬರು ಕನ್ನಡಕ್ಕೆ, ಒಬ್ಬರು ಮಲಯಾಳಕ್ಕೆ ದುಡಿದರೂ ಆ ಗೆಳೆತನಕ್ಕೆ ಕುಂದು ಬರಲಿಲ್ಲ. ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ ಅಚ್ಚಾದದ್ದು ಮಂಗಳೂರಿನ ಮಿಶನ್ ಮುದ್ರಣಾಲಯದಲ್ಲೇ ಎಂಬುದು ನಮ್ಮ ಜಿಲ್ಲೆಯವರು ನೆನಪಿಡಬೇಕಾದ ಸಂಗತಿ.

ನಮ್ಮಲ್ಲಿ ದೇವಋಣ, ಋಷಿಋಣ, ಪಿತೃಋಣಗಳೆಂದು ಹೇಳುತ್ತೇವೆ. ಕ್ರೈಸ್ತರ ನಂಬಿಕೆಯಲ್ಲೂ ಇಂಥದೊಂದು ಋಣವಿದೆ. ಮನುಷ್ಯನು ಕೇಳುವ ಮೊದಲೇ ದೇವರು ಅವನಲ್ಲಿ ಪ್ರೀತಿಯಿಟ್ಟ. ಆ ಸಾಲವನ್ನು ದೇವರಿಗೆ ತೀರಿಸಲು ಬಾರದು, ಕಣ್ಣೆದುರಿನ ಸೋದರನಿಗೇ ಸಲ್ಲಿಸಬೇಕು. ಯೋಹಾನನ ಮೊದಲನೆಯ ಪತ್ರದ ಸಾರವನ್ನು ನಾವು ತಿಳಿದುಕೊಂಡದ್ದು ಹೀಗೆ. ಮೋಗ್ಲಿಂಗರ ಬಾಳನ್ನು ಓದುವಾಗ ಈ ಋಣದ ಮಾತು ಮತ್ತೆ ಮತ್ತೆ ನೆನಪಿಗೆ ಬರುತ್ತದೆ.

1836ರಲ್ಲಿ ಅವರು ಬಾಸೆಲ್ ಮಿಶನಿನ ವತಿಯಿಂದ ಮಂಗಳೂರಿಗೆ ಬಂದರು. ಹುಡುಗರಿಗೆ ಪಾಠ ಹೇಳುವುದು ಕೆಲಸ. ಗಂಟೆ ಬಾರಿಸಿದೊಡನೆ ಬಂಗಲೆಗೆ ನಡೆಯುವ ಅಧ್ಯಾಪಕರಲ್ಲ ಅವರು. ಹುಡುಗರೊಂದಿಗೇ ವಾಸ, ಅವರು ಉಣ್ಣುವ ಅನ್ನವನ್ನೇ ಉಣ್ಣುವುದು. ಅಧ್ಯಾಪಕ ವೃತ್ತಿಯಲ್ಲಿರುವ ನಮಗೆ ಇದು ಎಷ್ಟು ಕಷ್ಟವೆಂದು ಗೊತ್ತು.

1843ನೇ ಜುಲೈ 1ರಂದು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ಹೊರಟಿತು. ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟ, ಬೆಲೆ ಒಂದು ದುಡ್ಡು. ಊರ ವರ್ತಮಾನ, ಸರಕಾರದ ನಿರೂಪ, ಪರದೇಶದ ಸುದ್ದಿ ಎಲ್ಲ ಅದರಲ್ಲಿತ್ತು. ಮರುವರ್ಷ ಅದು ‘ಕನ್ನಡ ಸಮಾಚಾರ’ವಾಗಿ ಬಳ್ಳಾರಿಗೆ ಹೋಯಿತು. ಕರ್ನಾಟಕದಲ್ಲಿ ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುವುದು ಈ ಕಾರಣದಿಂದ.

ಎಲ್ಲವೂ ಸುಗಮವಾಗಿತ್ತೆಂದು ಹೇಳಿದರೆ ಸುಳ್ಳಾದೀತು. 1844ರಲ್ಲಿ ಆನಂದರಾವ್ ಕೌಂಡಿನ್ಯರೂ ಇನ್ನಿಬ್ಬರು ಸಾರಸ್ವತ ತರುಣರೂ ಇವರ ಬಳಿ ಕ್ರೈಸ್ತರಾದಾಗ ಮಂಗಳೂರು ಕುದಿಯಿತು. ಕೌಂಡಿನ್ಯರ ಎಳೆಯ ಪತ್ನಿ ಗಂಡನ ಬಳಿಗೆ ಬರಲೇ ಇಲ್ಲ. ಒಂದು ಮನೆಯ ದೀಪ ನಂದಿಸಿ ಹಚ್ಚಿದ ದೀಪ ಎಂಥದೆಂದು ಕೇಳುವವರು ಅಂದೂ ಇದ್ದರು. ಆ ಪ್ರಶ್ನೆಯನ್ನು ನಾವು ತಳ್ಳಿಹಾಕಲಾರೆವು. ನಮ್ಮ ಮತಾಚಾರಗಳ ಬಗ್ಗೆ ಮೋಗ್ಲಿಂಗರು ಕಟುವಾಗಿ ಬರೆದದ್ದೂ ಉಂಟು. ಆದರೆ ಆ ತರುಣನನ್ನು ಅವರು ನಡುನೀರಿನಲ್ಲಿ ಬಿಡಲಿಲ್ಲ. 1846ರಲ್ಲಿ ಜತೆಗೇ ಬಾಸೆಲ್ಲಿಗೆ ಕರೆದೊಯ್ದರು. ಕೌಂಡಿನ್ಯರು ಅಲ್ಲಿ ಓದಿ, ಯುರೋಪಿಯನ್ನರೊಂದಿಗೆ ದೀಕ್ಷೆ ಪಡೆದ ಪಾದ್ರಿಯಾಗಿ 1851ರಲ್ಲಿ ಮರಳಿದರು.

ವಿಚಿತ್ರವೆಂದರೆ, ನಮ್ಮ ಮತವನ್ನು ಟೀಕಿಸಿದ ಅದೇ ಕೈ ನಮ್ಮ ಗ್ರಂಥಗಳನ್ನು ಉಳಿಸಿತು. ನೀಲಗಿರಿಯಲ್ಲಿ ನೆಲಸಿದ್ದ ನಿವೃತ್ತ ನ್ಯಾಯಾಧೀಶ ಕಾಸಾಮೇಜರರು ಹಣ ಕೊಟ್ಟರು. 1848ರಿಂದ 1853ರವರೆಗೆ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಕಲ್ಲಚ್ಚಿನಲ್ಲಿ ಬಂದವು. ತಾಳೆಗರಿಯಲ್ಲಿ ಗೆದ್ದಲಿನ ಪಾಲಾಗಲಿದ್ದುದು ಓದುವವರ ಕೈಸೇರಿತು. ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ ಇದಕ್ಕಾಗಿ 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು.

ಆದರೆ ಅವರ ನಿಜವಾದ ಪರೀಕ್ಷೆ ನಡೆದದ್ದು ಕೊಡಗಿನಲ್ಲಿ. 1852ರಲ್ಲಿ ದೇಹ ಸೋತು, ಸ್ವದೇಶಕ್ಕೆ ಹೊರಡಲು ಸಿದ್ಧರಾಗಿದ್ದರು. ಆಗ ಅಲ್ಮಂಡ ಸೋಮಯ್ಯನೆಂಬ ಕೊಡವನೊಬ್ಬ ಘಟ್ಟವಿಳಿದು ಮಂಗಳೂರಿಗೆ ಬಂದು ಅವರನ್ನು ಕಂಡ. ಪ್ರಯಾಣ ನಿಂತಿತು. ಒಬ್ಬನೇ ಒಬ್ಬನಿಗಾಗಿ ಮಿಶನಿನ ಆಧಾರವನ್ನು ಬಿಟ್ಟು, ಮೋಗ್ಲಿಂಗರು ಘಟ್ಟ ಹತ್ತಿದರು. 1853ರ ಆರಂಭದಲ್ಲಿ ಸೋಮಯ್ಯ ಸ್ತೆಫಾನನೆಂಬ ಹೆಸರಿನಿಂದ ದೀಕ್ಷಾಸ್ನಾನ ಪಡೆದ. ಕುಲದವರು ಅವನನ್ನು ಹೊರಗಿಟ್ಟರು. ಹೊರಗಾದವನ ಪಕ್ಕದಲ್ಲೇ ಮೋಗ್ಲಿಂಗರು ಮನೆ ಹೂಡಿದರು.

ಕೊಡವರು ಹಿಂದೆ ಬರುವರೆಂದು ಅವರು ಎಣಿಸಿದ್ದಿರಬೇಕು. ಅದಾಗಲಿಲ್ಲ. ಬಂದವರು ಹೊಲೆಯರು, ಒಡೆಯರ ಗದ್ದೆಯಲ್ಲಿ ತಲೆತಲಾಂತರದಿಂದ ದುಡಿದವರು. ಅವರಿಗಾಗಿ ಆನಂದಪುರವೆಂಬ ಊರು ಕಟ್ಟಿಸಿದರು, ಕಾಫಿ ನೆಡಿಸಿದರು. ಪಾದ್ರಿಗೆ ತೋಟವೇಕೆಂದು ಯಾರಾದರೂ ಕೇಳಬಹುದು. ಕಾಲಿಡಲು ಸ್ವಂತ ನೆಲವಿಲ್ಲದವನಿಗೆ ಬರಿಯ ಉಪದೇಶದಿಂದ ಹೊಟ್ಟೆ ತುಂಬುವುದಿಲ್ಲ. ಅಷ್ಟು ಲೋಕಜ್ಞಾನ ಆ ಪಾದ್ರಿಗಿತ್ತು. ಊಟದ ಪಂಕ್ತಿಯಲ್ಲಿ ಪಕ್ಕ ಕೂರಿಸುವುದೇ ದೊಡ್ಡ ಮಾತಾಗಿದ್ದ ಕಾಲ ಅದು ಎಂಬುದನ್ನು ಮರೆಯಬಾರದು.

ಅಷ್ಟರಲ್ಲಿ ಮನೆಯೊಳಗೂ ಒಂದು ಋಣ ಬಂದು ನಿಂತಿತು. ಕನ್ನಡ ಬೈಬಲ್ಲಿಗಾಗಿ ದುಡಿದ ಗಾಟ್‌ಫ್ರೀಡ್ ವೈಗ್ಲೆಯವರು ಮೋಗ್ಲಿಂಗರ ಸೋದರ ಸಂಬಂಧಿ, ಪ್ರಾಣಸ್ನೇಹಿತರು. ಅವರು 1855ರಲ್ಲಿ ತೀರಿಕೊಂಡರು. ಆ ತನಕ ಒಂಟಿಯಾಗಿದ್ದ ಮೋಗ್ಲಿಂಗರು ಮುಂದೆ ಅವರ ವಿಧವೆ ಪೌಲೀನರನ್ನು ಮದುವೆಯಾಗಿ, ಗೆಳೆಯನ ಮಕ್ಕಳಿಗೆ ತಂದೆಯಾದರು.

ಪತ್ನಿಯ ಕಾಯಿಲೆಯ ದೆಸೆಯಿಂದ 1860ರಲ್ಲಿ ಭಾರತವನ್ನು ಬಿಡಬೇಕಾಯಿತು. ಮತ್ತೆ ಬರಲಾಗಲಿಲ್ಲ. ಅಲ್ಲಿದ್ದರೂ ಮನಸ್ಸು ಇಲ್ಲಿಯೇ ಇದ್ದಿತೆಂದು ತೋರುತ್ತದೆ: 1866ರಲ್ಲಿ ಕೊಡಗಿನ ಬಗ್ಗೆ ಜರ್ಮನ್ ಪುಸ್ತಕ ಪ್ರಕಟಿಸಿದರು, ದಾಸರ ಪದಗಳಲ್ಲಿ ಕೆಲವನ್ನು ಜರ್ಮನ್ನಿಗೆ ತಂದರು, ಗುಂಡರ್ಟರೊಂದಿಗೆ ಕೂಡಿ ಕಣ್ಣೂರಿನ ಹೇಬಿಕ್ ಪಾದ್ರಿಯ ಚರಿತ್ರೆ ಬರೆದರು. 1881ನೇ ಮೇ 10ರಂದು ಎಸ್ಲಿಂಗೆನ್ ಪಟ್ಟಣದಲ್ಲಿ, ಎಪ್ಪತ್ತು ತುಂಬಲು ಹತ್ತೊಂಬತ್ತು ದಿನ ಉಳಿದಿರುವಾಗ ಕಣ್ಣು ಮುಚ್ಚಿದರು. ಜೂಜುವಾಡಿಯ ಆ ಹಿರಿಯರಿಗೆ ಇದರ ಒಂದು ಪ್ರತಿ ಕಳುಹಿಸುವವರಿದ್ದೇವೆ.